ಪೇಟೆಂಟ್ ಬೇಗ ಸಿಗಬೇಕಾದರೆ ಏನು ಮಾಡಬೇಕು? ಬೆಂಗಳೂರಿನ ಆವಿಷ್ಕಾರಕರು, ಉದ್ಯಮಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ವರ್ಕ್‌ಶಾಪ್ ಇರಲಿ, ಎಚ್‌ಎಸ್‌ಆರ್ ಲೇಔಟ್‌ನ ಸ್ಟಾರ್ಟಪ್ ಇರಲಿ, ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಇರಲಿ, ಪೇಟೆಂಟ್ ಅಂದ ಕೂಡಲೇ ಬರುವ ಪ್ರಶ್ನೆ ಒಂದೇ: ‘ಎಷ್ಟು ವರ್ಷ ಹಿಡಿಯುತ್ತೆ?’ ಎಷ್ಟೋ ಒಳ್ಳೆಯ ಐಡಿಯಾಗಳು ಈ ಭಯಕ್ಕೇ ಡ್ರಾಯರ್‌ನಲ್ಲಿ ಉಳಿದುಬಿಡುತ್ತವೆ. ಆದರೆ ಕಾಯುವ ಸಮಯದಲ್ಲಿ ದೊಡ್ಡ ಪಾಲು ಅರ್ಜಿದಾರರ ಕೈಯಲ್ಲೇ ಇದೆ. ಕಾನೂನು ಕೊಟ್ಟಿರುವ ಬೇಗದ ದಾರಿಗಳು ಯಾವುವು, ಅವು ಯಾರಿಗೆ ಸಿಗುತ್ತವೆ, ಎಲ್ಲಿ ಜನ ಸುಮ್ನೆ ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ ಅನ್ನುವುದನ್ನು ಇಲ್ಲಿ ಹೇಳಿದ್ದೇವೆ.

ಸಾಮಾನ್ಯ ದಾರಿಯಲ್ಲಿ ಹೋದರೆ ಯಾಕೆ ಅಷ್ಟು ತಡ?

ಅರ್ಜಿ ಹಾಕಿದ ಮೇಲೆ ನೀವೇನೂ ಕೇಳದಿದ್ದರೆ ಅದು 18 ತಿಂಗಳು ಗುಟ್ಟಾಗಿಯೇ ಇರುತ್ತದೆ. ಆಮೇಲೆ ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಪ್ರಕಟವಾದರೂ ಯಾರೂ ಅದನ್ನು ಪರೀಕ್ಷೆಗೆ ಎತ್ತಿಕೊಳ್ಳುವುದಿಲ್ಲ. ‘ಪರೀಕ್ಷೆ ಮಾಡಿ’ ಎಂದು ನೀವೇ ಬೇರೆ ಫಾರ್ಮ್ ಹಾಕಿ, ಬೇರೆ ಫೀಸು ಕಟ್ಟಬೇಕು. ಅದೇ ಫಾರ್ಮ್ 18. ಇದಕ್ಕೆ ಮೊದಲು 48 ತಿಂಗಳ ಗಡುವಿತ್ತು. 2024ರ ಮಾರ್ಚ್ 15ರಂದು ಜಾರಿಗೆ ಬಂದ ತಿದ್ದುಪಡಿ ನಿಯಮಗಳ ನಂತರ ಹಾಕಿದ ಅರ್ಜಿಗಳಿಗೆ ಅದು 31 ತಿಂಗಳು. ಗಡುವು ಇದೆ ಅಂತ ಕೊನೆಯ ತಿಂಗಳವರೆಗೆ ಕೂತವರು ಅಷ್ಟು ಹಿಂದಿನಿಂದ ಸಾಲಿಗೆ ಸೇರುತ್ತಾರೆ. ಸಾಲಿನಲ್ಲಿ ಕಾದ ಮೇಲೆ ಮೊದಲ ಪರೀಕ್ಷಾ ವರದಿ ಬರುತ್ತದೆ. ಎಲ್ಲರೂ ಇದನ್ನು ಎಫ್‌ಇಆರ್ ಅನ್ನುತ್ತಾರೆ. ಉತ್ತರಕ್ಕೆ 6 ತಿಂಗಳು ಸಮಯ. ಕೊನೆಗೆ ಹಿಯರಿಂಗ್, ತೀರ್ಮಾನ.

ಗಮನಿಸಿ, ಇದರಲ್ಲಿ 18 ತಿಂಗಳು, 31 ತಿಂಗಳು, 6 ತಿಂಗಳು ಇವೆಲ್ಲ ಗರಿಷ್ಠ ಮಿತಿಗಳು. ಅಷ್ಟು ದಿನ ಕಾಯಲೇಬೇಕು ಅಂತ ಯಾರೂ ಹೇಳಿಲ್ಲ.

ಬೇಗ ಅಂದರೆ ಯಾವುದು ಬೇಗ ಆಗಬೇಕು? ಫೈಲಿಂಗಾ, ಗ್ರಾಂಟಾ?

ಈ ಪ್ರಶ್ನೆಯನ್ನು ಮೊದಲು ನಿಮಗೆ ನೀವೇ ಕೇಳಿಕೊಳ್ಳಿ. ಫೈಲಿಂಗ್ ಅಂದರೆ ಅರ್ಜಿ ಹಾಕುವುದು, ಗ್ರಾಂಟ್ ಅಂದರೆ ಪೇಟೆಂಟ್ ಮಂಜೂರಾಗುವುದು. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ.

ಒಂದೇ ಆವಿಷ್ಕಾರಕ್ಕೆ ಇಬ್ಬರು ಬಂದರೆ ಮೊದಲು ಅರ್ಜಿ ಹಾಕಿದವರ ಕೈ ಮೇಲೆ. ಹಾಗಾಗಿ ಫೈಲಿಂಗ್ ದಿನಾಂಕ ಎಲ್ಲರಿಗೂ ಬೇಗ ಬೇಕು. ಇದನ್ನು ಪ್ರಯಾರಿಟಿ ಡೇಟ್ ಅನ್ನುತ್ತಾರೆ. ಹೂಡಿಕೆದಾರರ ಜೊತೆ ಮಾತು ಶುರು ಮಾಡಲು, ‘ಪೇಟೆಂಟ್ ಪೆಂಡಿಂಗ್’ ಎಂದು ಹಾಕಿಕೊಳ್ಳಲು ಇಷ್ಟು ಸಾಕು.

ಗ್ರಾಂಟ್ ಬೇಗ ಬೇಕಾಗುವುದು ಬೇರೆ ಸಂದರ್ಭಗಳಲ್ಲಿ. ಮಾರುಕಟ್ಟೆಯಲ್ಲಿ ಆಗಲೇ ನಿಮ್ಮ ಸಾಧನದ ನಕಲು ಬಂದಿದೆ, ಲೈಸೆನ್ಸ್ ಕೊಡುವ ಮಾತುಕತೆ ನಡೆಯುತ್ತಿದೆ, ಕಂಪನಿಯನ್ನೇ ಮಾರುತ್ತಿದ್ದೀರಿ ಅನ್ನುವಾಗ. ಇಂಥ ಕಾರಣ ಇದ್ದರೆ ಬೇಗದ ದಾರಿಗೆ ಹಣ ಹಾಕಿ. ಗೋಡೆಗೆ ತೂಗುಹಾಕುವ ಸರ್ಟಿಫಿಕೇಟ್‌ಗಾಗಿ ಆತುರ ಬೇಡ.

ಪ್ರೊವಿಷನಲ್ ಅರ್ಜಿ ಹಾಕಿದರೆ ಕೆಲಸ ಬೇಗ ಆಗುತ್ತದಾ?

ದಿನಾಂಕ ಬೇಗ ಸಿಗುತ್ತದೆ, ಗ್ರಾಂಟ್ ಬೇಗ ಸಿಗುವುದಿಲ್ಲ. ಪ್ರೊವಿಷನಲ್ ಅಂದರೆ ಪೂರ್ತಿ ವಿವರಣೆಗೆ ಮೊದಲು ಹಾಕುವ ತಾತ್ಕಾಲಿಕ ಅರ್ಜಿ. ಅದನ್ನು ಹಾಕಿದ 12 ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಷನ್, ಅಂದರೆ ಆವಿಷ್ಕಾರದ ಪೂರ್ತಿ ವಿವರಣೆ ಹಾಕಬೇಕು, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಕಂಪ್ಲೀಟ್ ಬರುವವರೆಗೆ ಪರೀಕ್ಷೆಯ ಮಾತೇ ಇಲ್ಲ. ಯಂತ್ರ ತಯಾರಾಗಿ ಓಡುತ್ತಿದ್ದರೆ ನೇರವಾಗಿ ಕಂಪ್ಲೀಟ್ ಹಾಕುವುದೇ ಒಳ್ಳೆಯದು. ಇನ್ನೂ ಪ್ರೋಟೋಟೈಪ್ ಬದಲಾಗುತ್ತಿದ್ದರೆ ಪ್ರೊವಿಷನಲ್ ಸರಿ.

ಪ್ರೊವಿಷನಲ್ ಅಂದರೆ ಎರಡು ಪುಟ ಬರೆದು ಹಾಕಿಬಿಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಇದು ಅಪಾಯ. ಒಂದು ಉದಾಹರಣೆ ತೆಗೆದುಕೊಳ್ಳಿ. ನೀವು ಹೋಟೆಲ್‌ಗಳಿಗಾಗಿ ರಾಗಿ ಮುದ್ದೆ ತೊಳಸುವ ಯಂತ್ರ ಮಾಡಿದ್ದೀರಿ. ಹಿಟ್ಟು ಗಟ್ಟಿಯಾಗುತ್ತಾ ಬಂದಂತೆ ಮೋಟಾರ್ ಎಳೆಯುವ ಕರೆಂಟ್ ಏರುತ್ತದೆ. ಅದನ್ನು ಅಳೆದು, ತೊಳಸುವ ಕೋಲಿನ ಕೋನವನ್ನು ಯಂತ್ರ ತಾನೇ ಬದಲಿಸುತ್ತದೆ, ಹಾಗಾಗಿ ಗಂಟು ಬೀಳುವುದಿಲ್ಲ. ಹೊಸತನ ಇರುವುದು ಈ ಕೋನದಲ್ಲಿ. ಪ್ರೊವಿಷನಲ್‌ನಲ್ಲಿ ಬರೀ ‘ಮೋಟಾರ್ ಇರುವ ಮುದ್ದೆ ಯಂತ್ರ’ ಅಂತ ಬರೆದು, ಕರೆಂಟ್ ಮತ್ತು ಕೋನದ ವಿಷಯವನ್ನು 12ನೇ ತಿಂಗಳಲ್ಲಿ ಕಂಪ್ಲೀಟ್‌ಗೆ ಸೇರಿಸಿದರೆ, ಆ ಭಾಗಕ್ಕೆ ಹಳೆಯ ದಿನಾಂಕ ಸಿಗುವುದಿಲ್ಲ. ನಡುವೆ ಇನ್ಯಾರೋ ಅದೇ ವಿಷಯ ಪ್ರಕಟಿಸಿದ್ದರೆ ನಿಮ್ಮ ಪ್ರೊವಿಷನಲ್ ಇದ್ದೂ ಇಲ್ಲದಂತೆ.

ಫಾರ್ಮ್ 9 ಅಂದರೆ ಏನು? ಅದರಿಂದ ಎಷ್ಟು ಸಮಯ ಉಳಿಯುತ್ತದೆ?

18 ತಿಂಗಳು ಕಾಯದೆ ಬೇಗ ಪ್ರಕಟಿಸಿ ಎಂದು ಕೇಳುವ ಫಾರ್ಮ್ ಇದು. ಹಾಕಿದರೆ ಸುಮಾರು ಒಂದು ತಿಂಗಳಲ್ಲಿ ಜರ್ನಲ್‌ನಲ್ಲಿ ಬರುತ್ತದೆ. ಜರ್ನಲ್ ಪ್ರತಿ ಶುಕ್ರವಾರ ಹೊರಡುತ್ತದೆ.

ಪ್ರಕಟಣೆಯ ದಿನ ಯಾಕೆ ಮುಖ್ಯ ಅಂದರೆ, ಪ್ರಕಟವಾಗಿ 6 ತಿಂಗಳು ಮುಗಿಯುವ ಮೊದಲು ಯಾವ ಪೇಟೆಂಟನ್ನೂ ಕೊಡುವ ಹಾಗಿಲ್ಲ ಎಂದು ನಿಯಮವಿದೆ. ಈ ಅವಧಿಯಲ್ಲಿ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಎಷ್ಟೇ ಬೇಗದ ದಾರಿಯಲ್ಲಿ ಹೋದರೂ ಈ 6 ತಿಂಗಳು ತಪ್ಪುವುದಿಲ್ಲ. ಫಾರ್ಮ್ 9 ಹಾಕದೆ ಬೇರೆ ಏನು ಮಾಡಿದರೂ ಪ್ರಯೋಜನ ಕಡಿಮೆ.

ಫಾರ್ಮ್ 18ಎ ಯಾರು ಹಾಕಬಹುದು?

ತ್ವರಿತ ಪರೀಕ್ಷೆ ಕೇಳುವ ಫಾರ್ಮ್ ಇದು. 2016ರಲ್ಲಿ ಶುರುವಾದಾಗ ಮುಖ್ಯವಾಗಿ ಸ್ಟಾರ್ಟಪ್‌ಗಳಿಗೆ ಸಿಗುತ್ತಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಇನ್ನಷ್ಟು ತೆರೆಯಿತು. ಈಗ ಯಾರಿಗೆಲ್ಲ ಸಿಗುತ್ತದೆ ನೋಡಿ.

ಕೇಂದ್ರ ಸರ್ಕಾರದ ಕೈಗಾರಿಕೆ ಉತ್ತೇಜನ ಇಲಾಖೆಯ (ಡಿಪಿಐಐಟಿ) ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಸಿಗುತ್ತದೆ. ಸಣ್ಣ ಉದ್ಯಮಗಳಿಗೂ ಸಿಗುತ್ತದೆ. ಪೀಣ್ಯ, ಬೊಮ್ಮಸಂದ್ರ, ರಾಜಾಜಿನಗರದ ಬಹುಪಾಲು ಘಟಕಗಳು ಇದರಲ್ಲೇ ಬರುತ್ತವೆ, ಉದ್ಯಮ್ ನೋಂದಣಿ ಪತ್ರ ಇದ್ದರೆ ಅದೇ ಪುರಾವೆ. ಅರ್ಜಿದಾರರೆಲ್ಲ ವ್ಯಕ್ತಿಗಳಾಗಿದ್ದು ಅವರಲ್ಲಿ ಒಬ್ಬರಾದರೂ ಮಹಿಳೆ ಇದ್ದರೆ ಸಿಗುತ್ತದೆ. ಸರ್ಕಾರಿ ಇಲಾಖೆಗಳು, ಸರ್ಕಾರಿ ಕಂಪನಿಗಳು, ಕಾಯ್ದೆಯ ಮೂಲಕ ಸ್ಥಾಪನೆಯಾಗಿ ಸರ್ಕಾರದ ಹಿಡಿತದಲ್ಲಿರುವ ಸಂಸ್ಥೆಗಳು, ಪೂರ್ತಿಯಾಗಿ ಅಥವಾ ಬಹುಪಾಲು ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗಳು ಇವಕ್ಕೂ ಉಂಟು.

ಇವು ಯಾವುದೂ ಅಲ್ಲದ ದೊಡ್ಡ ಕಂಪನಿಗೂ ಒಂದು ದಾರಿ ಇದೆ. ಪಿಸಿಟಿ (ಒಂದೇ ಅರ್ಜಿಯಲ್ಲಿ ಹಲವು ದೇಶಗಳಿಗೆ ದಾರಿ ಮಾಡಿಕೊಡುವ ಒಪ್ಪಂದ) ಮೂಲಕ ಅಂತರರಾಷ್ಟ್ರೀಯ ಅರ್ಜಿ ಹಾಕುವಾಗ ಹಳೆಯ ದಾಖಲೆಗಳ ಶೋಧನೆ ಮಾಡುವ ಪ್ರಾಧಿಕಾರವಾಗಿ ಭಾರತದ ಪೇಟೆಂಟ್ ಕಚೇರಿಯನ್ನೇ ಆರಿಸಿಕೊಂಡಿದ್ದರೆ, ಇಲ್ಲಿನ ಅರ್ಜಿಗೆ 18ಎ ಹಾಕಬಹುದು. ವಿದೇಶಕ್ಕೆ ಹೇಗೂ ಹೋಗುವವರು ಇದನ್ನು ಮೊದಲೇ ಯೋಚಿಸಿಕೊಂಡರೆ ಒಳ್ಳೆಯದು.

ಒಬ್ಬನೇ ಕೂತು ಆವಿಷ್ಕಾರ ಮಾಡಿದ ಪುರುಷನಿಗೆ, ಅವನ ಸ್ವಂತ ಹೆಸರಿನಲ್ಲಿ, ಈ ಪಟ್ಟಿಯಲ್ಲಿ ನೇರವಾಗಿ ಜಾಗವಿಲ್ಲ. ಸಣ್ಣ ಆವಿಷ್ಕಾರಕರ ಮಟ್ಟಿಗೆ ಇದು ನ್ಯಾಯವಲ್ಲ, ಬದಲಾಗಬೇಕು ಅನ್ನುವುದು ನಮ್ಮ ಅಭಿಪ್ರಾಯ.

ಹಾಗಾದರೆ ಹೆಂಡತಿಯ ಹೆಸರನ್ನೂ ಸೇರಿಸಿಬಿಟ್ಟರೆ ಆಗುತ್ತದಲ್ವಾ?

ತುಂಬಾ ಜನ ಕೇಳುವ ಪ್ರಶ್ನೆ. ಅರ್ಜಿದಾರರು ಬೇರೆ, ಆವಿಷ್ಕಾರಕರು ಬೇರೆ. ಆವಿಷ್ಕಾರ ಮಾಡದವರನ್ನು ಆವಿಷ್ಕಾರಕರು ಎಂದು ಬರೆಯುವುದು ಸುಳ್ಳು ಘೋಷಣೆ. ಅದನ್ನು ಮಾಡಲೇಬೇಡಿ. ಹಕ್ಕನ್ನು ಬರೆದುಕೊಟ್ಟು ಸಹ ಅರ್ಜಿದಾರರಾಗಿ ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಹಾಗೆ ಸೇರಿಸಿದವರು ಪೇಟೆಂಟಿನ ಸಹ ಮಾಲೀಕರಾಗುತ್ತಾರೆ. ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲು ಸಮಸಮ. ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಲೈಸೆನ್ಸ್ ಕೊಡುವ ಹಾಗಿಲ್ಲ, ತಮ್ಮ ಪಾಲು ಮಾರುವ ಹಾಗೂ ಇಲ್ಲ. ಹೆಂಡತಿ, ತಾಯಿ, ಅಕ್ಕ, ಪಾರ್ಟ್‌ನರ್ ಯಾರೇ ಆಗಲಿ, ನಿಜವಾಗಿ ಜೊತೆಗಿದ್ದು ದುಡಿದವರಾದರೆ ಸಂತೋಷದಿಂದ ಸೇರಿಸಿ. ಕೆಲವು ತಿಂಗಳು ಉಳಿಸಲು ಮಾತ್ರ ಸೇರಿಸುವುದಾದರೆ ಎರಡು ಸಲ ಯೋಚಿಸಿ.

ಇನ್ನೊಂದು ಮಾತು. ಅರ್ಜಿದಾರ ಕಂಪನಿಯಾಗಿದ್ದರೆ, ಅದರ ಆವಿಷ್ಕಾರಕರ ಪಟ್ಟಿಯಲ್ಲಿ ಮಹಿಳಾ ಎಂಜಿನಿಯರ್ ಇದ್ದಾರೆ ಅನ್ನುವ ಕಾರಣಕ್ಕೆ 18ಎ ಸಿಗುವುದಿಲ್ಲ.

ನಮ್ಮದು ಖಾಸಗಿ ಎಂಜಿನಿಯರಿಂಗ್ ಕಾಲೇಜು. ನಮಗೆ ಸಿಗುತ್ತದಾ?

ಫೀಸಿನ ರಿಯಾಯಿತಿ ಸಿಗುತ್ತದೆ. 2021ರಿಂದ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳಿಗೆ ಶೇ 80 ಕಡಿತವಿದೆ. ಆದರೆ ತ್ವರಿತ ಪರೀಕ್ಷೆಯ ಪಟ್ಟಿಯಲ್ಲಿ ‘ಶಿಕ್ಷಣ ಸಂಸ್ಥೆ’ ಅಂತ ಇಲ್ಲ. ಸರ್ಕಾರದ್ದಾಗಿದ್ದರೆ, ಬಹುಪಾಲು ಸರ್ಕಾರದ ಹಣದಲ್ಲಿ ನಡೆಯುತ್ತಿದ್ದರೆ ಮಾತ್ರ ಆಗುತ್ತದೆ. ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಸೇರಿ ಸ್ಟಾರ್ಟಪ್ ಕಟ್ಟಿ, ಅದಕ್ಕೆ ಮಾನ್ಯತೆ ಪಡೆದು ಅದರ ಹೆಸರಿನಲ್ಲೇ ಹಾಕುವವರೂ ಇದ್ದಾರೆ. ಹಕ್ಕು ಕಾಲೇಜಿನದೋ, ನಿಮ್ಮದೋ ಅನ್ನುವುದನ್ನು ಮೊದಲು ಕಾಲೇಜಿನ ಐಪಿ (ಬೌದ್ಧಿಕ ಆಸ್ತಿ) ನೀತಿಯಲ್ಲಿ ನೋಡಿಕೊಳ್ಳಿ.

ಒಟ್ಟು ಸರ್ಕಾರಿ ಫೀಸು ಎಷ್ಟು?

ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮ, ಶಿಕ್ಷಣ ಸಂಸ್ಥೆ ಇವರಿಗೆಲ್ಲ ಒಂದೇ ದರ. ಆನ್‌ಲೈನ್‌ನಲ್ಲಿ ಅರ್ಜಿಗೆ 1,600 ರೂಪಾಯಿ, ಫಾರ್ಮ್ 9ಕ್ಕೆ 2,500, ಫಾರ್ಮ್ 18ಎಗೆ 8,000. ಒಟ್ಟು 12,100 ರೂಪಾಯಿ. ಸಾಮಾನ್ಯ ಪರೀಕ್ಷೆಯ ಫಾರ್ಮ್ 18 ಆದರೆ 4,000. ಅಂದರೆ ಬೇಗದ ಸಾಲಿಗೆ ಹೆಚ್ಚುವರಿ 4,000 ಮಾತ್ರ.

ದೊಡ್ಡ ಕಂಪನಿಗಳಿಗೆ ಅರ್ಜಿಗೆ 8,000, ಫಾರ್ಮ್ 9ಕ್ಕೆ 12,500, ಫಾರ್ಮ್ 18ಎಗೆ 60,000.

ಕ್ಲೇಮ್ ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತಿದ್ದೀರಿ ಎಂದು ಹೇಳುವ ವಾಕ್ಯ. ಈ ಅರ್ಜಿ ಶುಲ್ಕ 30 ಪುಟ, 10 ಕ್ಲೇಮ್‌ವರೆಗೆ. ಅದಕ್ಕಿಂತ ಜಾಸ್ತಿಯಾದರೆ ಕಡಿಮೆ ದರದವರಿಗೆ ಪುಟಕ್ಕೆ 160, ಕ್ಲೇಮ್‌ಗೆ 320 ರೂಪಾಯಿ ಸೇರುತ್ತದೆ. ಅರ್ಜಿ ಬರೆದು ನಡೆಸಿಕೊಡುವ ಪೇಟೆಂಟ್ ಏಜೆಂಟರ ಫೀಸು ಬೇರೆ. ಸ್ಟಾರ್ಟಪ್‌ಗಳಾದರೆ ಕೇಂದ್ರ ಸರ್ಕಾರದ ಎಸ್‌ಐಪಿಪಿ ಯೋಜನೆಯಲ್ಲಿ ಫೆಸಿಲಿಟೇಟರ್‌ಗಳ ಮೂಲಕ ಹಾಕಬಹುದು, ಅವರ ಫೀಸನ್ನು ಸರ್ಕಾರವೇ ಕೊಡುತ್ತದೆ, ನೀವು ಸರ್ಕಾರಿ ಶುಲ್ಕ ಮಾತ್ರ ಕಟ್ಟುತ್ತೀರಿ. ಕರ್ನಾಟಕದ ಸ್ಟಾರ್ಟಪ್ ನೀತಿಯಲ್ಲೂ ಪೇಟೆಂಟ್ ಖರ್ಚಿನ ಮರುಪಾವತಿಗೆ ಅವಕಾಶ ಕೊಟ್ಟಿದ್ದಾರೆ. ಎಲ್ಲ ರಸೀದಿ, ಬಿಲ್‌ಗಳನ್ನು ಮೊದಲ ದಿನದಿಂದ ಎತ್ತಿಡಿ.

ಸ್ಟಾರ್ಟಪ್ ಆಗಿ ಕಡಿಮೆ ಫೀಸು ಕಟ್ಟಿ, ನಡುವೆ ಅರ್ಜಿಯನ್ನು ದೊಡ್ಡ ಕಂಪನಿಗೆ ವರ್ಗಾಯಿಸಿದರೆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ವರ್ಗಾವಣೆಯ ಮಾತುಕತೆಯಲ್ಲಿ ಇದನ್ನು ಮರೆಯಬೇಡಿ.

ಕ್ಯಾಲೆಂಡರ್ ಹಿಡಿದು ಹೇಳಿ, 18ಎ ಹಾಕಿದರೆ ಯಾವಾಗ ಏನಾಗುತ್ತದೆ?

ಜನವರಿ ಮೊದಲ ವಾರ ಕಂಪ್ಲೀಟ್ ಅರ್ಜಿ, ಫಾರ್ಮ್ 9, ಫಾರ್ಮ್ 18ಎ ಮೂರನ್ನೂ ಒಂದೇ ದಿನ ಹಾಕಿದಿರಿ ಅಂದುಕೊಳ್ಳಿ. 18ಎ ಆನ್‌ಲೈನ್‌ನಲ್ಲಿ ಮಾತ್ರ ಹಾಕಲು ಸಾಧ್ಯ. ಫೆಬ್ರವರಿ ಹೊತ್ತಿಗೆ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅರ್ಜಿ ಬೇರೆ ಸಾಲಿಗೆ ಸೇರುತ್ತದೆ. ಪರೀಕ್ಷಕರ ಕೈಗೆ ಬಂದ ಮೇಲೆ ಅವರು ಸಾಮಾನ್ಯವಾಗಿ ಒಂದು ತಿಂಗಳಲ್ಲಿ, ಹೆಚ್ಚೆಂದರೆ ಎರಡು ತಿಂಗಳಲ್ಲಿ ವರದಿ ಕೊಡಬೇಕು. ತೀರ್ಮಾನ ಕೊಡುವ ಅಧಿಕಾರಿಯಾದ ಕಂಟ್ರೋಲರ್ ಅದನ್ನು 15 ದಿನಗಳಲ್ಲಿ ನೋಡಿ ಮುಗಿಸಬೇಕು, ನಂತರ 15 ದಿನಗಳಲ್ಲಿ ಎಫ್‌ಇಆರ್ ಹೊರಬೀಳಬೇಕು. ನಿಮ್ಮ ಕೊನೆಯ ಉತ್ತರ ಸೇರಿದ ಮೇಲೆ 3 ತಿಂಗಳಲ್ಲಿ ತೀರ್ಮಾನ ಆಗಬೇಕು. ನಿಯಮದಲ್ಲಿ ಬರೆದಿರುವುದು ಇಷ್ಟು.

ಫೆಬ್ರವರಿಯಲ್ಲಿ ಪ್ರಕಟವಾದದ್ದಕ್ಕೆ ಆಗಸ್ಟ್‌ಗಿಂತ ಮೊದಲು ಗ್ರಾಂಟ್ ಬರುವ ಹಾಗಿಲ್ಲ. ಹಾಗಾಗಿ ಎಫ್‌ಇಆರ್ ಮೇ ತಿಂಗಳಲ್ಲಿ ಬಂದು, ನೀವು ಜೂನ್‌ನಲ್ಲಿ ಉತ್ತರ ಕೊಟ್ಟರೆ, ಆ ಕಡ್ಡಾಯದ 6 ತಿಂಗಳ ಒಳಗೇ ಉಳಿದ ಕೆಲಸವೂ ಸಾಗುತ್ತಿರುತ್ತದೆ. ಹೀಗೆ ಒಂದು ವರ್ಷದೊಳಗೆ ಪೇಟೆಂಟ್ ಪಡೆದವರು ಇದ್ದಾರೆ. ಯಾರಾದರೂ ಪ್ರಕಟಣೆಯ ನಂತರ ಆಕ್ಷೇಪಣೆ ಹಾಕಿದರೆ ಈ ಲೆಕ್ಕ ತಪ್ಪುತ್ತದೆ.

ಆಗಲೇ ಫಾರ್ಮ್ 18 ಹಾಕಿಬಿಟ್ಟಿದ್ದೇವೆ. ಈಗ ಬದಲಿಸಬಹುದಾ?

ಬದಲಿಸಬಹುದು. ಅರ್ಹತೆ ಇದ್ದರೆ 18ಎ ಹಾಕಿ ವ್ಯತ್ಯಾಸದ ಹಣ ಕಟ್ಟಿ. ಕಡಿಮೆ ದರದವರಿಗೆ 4,000, ದೊಡ್ಡ ಕಂಪನಿಗಳಿಗೆ 40,000. ಅರ್ಜಿ ಹಾಕುವಾಗ ಸ್ಟಾರ್ಟಪ್ ಮಾನ್ಯತೆ ಇರಲಿಲ್ಲ, ಈಗ ಸಿಕ್ಕಿದೆ ಅನ್ನುವವರು ಫಾರ್ಮ್ 28 ಜೊತೆ ಪುರಾವೆ ಕೊಡಬೇಕು.

ಎಫ್‌ಇಆರ್ ಬಂದಿದೆ, ತುಂಬಾ ಆಕ್ಷೇಪಣೆಗಳಿವೆ. ಅರ್ಜಿ ತಿರಸ್ಕಾರವಾಯಿತಾ?

ಇಲ್ಲ, ಗಾಬರಿ ಬೇಡ. ಆಕ್ಷೇಪಣೆ ಇಲ್ಲದ ಎಫ್‌ಇಆರ್ ಅಪರೂಪ. ನಿಜವಾದ ವೇಗ ಸಿಗುವುದೂ ಕಳೆದುಹೋಗುವುದೂ ಈ ಹಂತದಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಎಫ್‌ಇಆರ್‌ನಲ್ಲಿ ಎರಡು ಬಗೆಯ ಆಕ್ಷೇಪಣೆ ಇರುತ್ತವೆ. ಒಂದು ಕಾಗದಪತ್ರದ್ದು: ಪವರ್ ಆಫ್ ಅಟಾರ್ನಿ ಇಲ್ಲ, ಆವಿಷ್ಕಾರಕರು ಹಕ್ಕು ಬರೆದುಕೊಟ್ಟ ಪುರಾವೆ ಇಲ್ಲ, ವಿದೇಶಿ ಅರ್ಜಿಗಳ ವಿವರ ಕೊಡುವ ಫಾರ್ಮ್ 3 ಹೊಸದು ಬೇಕು, ಚಿತ್ರಗಳಲ್ಲಿ ಗುರುತು ಸಂಖ್ಯೆ ಹೊಂದುತ್ತಿಲ್ಲ. ಇವೆಲ್ಲ ಮೊದಲ ದಿನವೇ ಸರಿ ಇರಬೇಕಾದವು. ಇವುಗಳಿಂದಾಗಿ ತಡವಾಗುವುದು ನೋಡಿದರೆ ಬೇಜಾರಾಗುತ್ತದೆ.

ಎರಡನೆಯದು ಆವಿಷ್ಕಾರದ್ದು. ಹೊಸತನ ಇಲ್ಲ, ಆ ಕ್ಷೇತ್ರದ ಪರಿಣತರಿಗೆ ಸುಲಭವಾಗಿ ಹೊಳೆಯುವಂಥದ್ದು, ಸೆಕ್ಷನ್ 3ರಲ್ಲಿ ಬರುವುದರಿಂದ ಪೇಟೆಂಟ್ ಕೊಡುವ ಹಾಗಿಲ್ಲ ಇತ್ಯಾದಿ. ಪರೀಕ್ಷಕರು ಡಿ1, ಡಿ2 ಎಂದು ಹಳೆಯ ದಾಖಲೆಗಳನ್ನು ಹೆಸರಿಸಿರುತ್ತಾರೆ. ಆ ದಾಖಲೆಗಳನ್ನು ತೆಗೆದು ಪೂರ್ತಿ ಓದಿ. ಸಾರಾಂಶ ಮಾತ್ರ ನೋಡಿದರೆ ಸಾಲದು.

ಮತ್ತೆ ಮುದ್ದೆ ಯಂತ್ರಕ್ಕೆ ಬರೋಣ. ಮೊದಲ ಕ್ಲೇಮ್‌ನಲ್ಲಿ ‘ಪಾತ್ರೆ, ಮೋಟಾರ್, ತಿರುಗುವ ಕೋಲು ಇರುವ ಹಿಟ್ಟು ಬೇಯಿಸುವ ಯಂತ್ರ’ ಎಂದು ಬರೆದಿದ್ದರೆ, ಪರೀಕ್ಷಕರು ಯಾವುದೋ ಹಳೆಯ ಹಿಟ್ಟು ಕಲಸುವ ಯಂತ್ರ ತೋರಿಸಿ ಹೊಸತನ ಇಲ್ಲ ಅನ್ನುತ್ತಾರೆ. ಅವರ ಮಾತು ಸರಿ. ಇದಕ್ಕೆ ನಾಲ್ಕು ಪುಟ ವಾದ ಬರೆಯುವ ಬದಲು ಕ್ಲೇಮ್ ತಿದ್ದಿ. ‘ಮೋಟಾರ್ ಎಳೆಯುವ ಕರೆಂಟನ್ನು ಅಳೆಯುವ ಸೆನ್ಸರ್, ಆ ಅಳತೆ ಏರಿದಂತೆ ಕೋಲಿನ ಕೋನವನ್ನು ಬದಲಿಸುವ ನಿಯಂತ್ರಕ’ ಎಂದು ಸೇರಿಸಿ. ಡಿ1ರಲ್ಲಿ ಕೋನ ಸ್ಥಿರವಾಗಿದೆ, ಡಿ2ರಲ್ಲಿ ಕರೆಂಟ್ ಅಳೆಯುವುದು ಮೋಟಾರ್ ಸುಟ್ಟುಹೋಗದಿರಲಿ ಅಂತ ಮಾತ್ರ, ಎರಡನ್ನು ಸೇರಿಸಿದರೂ ಗಂಟಿಲ್ಲದ ಮುದ್ದೆ ಬರುವುದಿಲ್ಲ ಎಂದು ತೋರಿಸಿ. ಗಂಟಿನ ಪ್ರಮಾಣ ಎಷ್ಟು ಕಡಿಮೆಯಾಯಿತು ಎಂಬ ಪರೀಕ್ಷೆಯ ಅಂಕಿಗಳು ಸ್ಪೆಸಿಫಿಕೇಷನ್‌ನಲ್ಲಿ ಇದ್ದರೆ ನಿಮ್ಮ ಉತ್ತರಕ್ಕೆ ಬಲ ಬರುತ್ತದೆ. ಆದರೆ ನೆನಪಿಡಿ, ಮೊದಲು ಹಾಕಿದ ಸ್ಪೆಸಿಫಿಕೇಷನ್‌ನಲ್ಲಿ ಇಲ್ಲದ ವಿಷಯವನ್ನು ಈಗ ಕ್ಲೇಮ್‌ಗೆ ತುರುಕಲು ಬರುವುದಿಲ್ಲ. ಅದಕ್ಕೇ ಡ್ರಾಫ್ಟಿಂಗ್ ಸಮಯದಲ್ಲಿ ಒಂದು ವಾರ ಜಾಸ್ತಿ ಹೋದರೂ ಚಿಂತೆಯಿಲ್ಲ ಅನ್ನುವುದು.

ಉತ್ತರಕ್ಕೆ 6 ತಿಂಗಳು ಕೊಟ್ಟಿದ್ದಾರೆ, ಕೇಳಿದರೆ ಇನ್ನೂ 3 ತಿಂಗಳು ಸಿಗುತ್ತದೆ. ಬೇಗ ಬೇಕಾದವರು ಒಂದು ತಿಂಗಳಲ್ಲಿ ಉತ್ತರಿಸಿ. 18ಎಗೆ ಹಣ ಕಟ್ಟಿ, ಎಫ್‌ಇಆರ್ ಬಂದ ಮೇಲೆ ಐದೂವರೆ ತಿಂಗಳು ಸುಮ್ಮನಿರುವವರು ತುಂಬಾ ಜನ ಇದ್ದಾರೆ. ಗಡುವು ಪೂರ್ತಿ ದಾಟಿದರೆ ಅರ್ಜಿ ಕೈಬಿಟ್ಟಂತೆ ಎಂದು ಪರಿಗಣಿಸಲಾಗುತ್ತದೆ. ಪತ್ರಗಳೆಲ್ಲ ಇಮೇಲ್‌ಗೆ ಬರುತ್ತವೆ, ಹಾಗಾಗಿ ಕೆಲಸ ಬಿಟ್ಟುಹೋಗುವ ಉದ್ಯೋಗಿಯ ಇಮೇಲ್ ಕೊಡಬೇಡಿ. ಸ್ಪ್ಯಾಮ್ ಫೋಲ್ಡರ್ ಕೂಡ ನೋಡುತ್ತಿರಿ.

ಹಿಯರಿಂಗ್‌ಗೆ ಚೆನ್ನೈಗೆ ಹೋಗಬೇಕಾ?

ಕರ್ನಾಟಕ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ದೇಶದಲ್ಲಿ ಇರುವುದು ಕೋಲ್ಕತ್ತ, ದೆಹಲಿ, ಮುಂಬೈ, ಚೆನ್ನೈ ಈ ನಾಲ್ಕು ಕಚೇರಿಗಳು. ಆದರೆ ಫೈಲಿಂಗ್ ಆನ್‌ಲೈನ್, ಹಿಯರಿಂಗ್ ವಿಡಿಯೊ ಕಾನ್ಫರೆನ್ಸ್. ಬೆಂಗಳೂರಿನ ನಿಮ್ಮ ಕೋಣೆಯಲ್ಲೇ ಕೂತು ಮಾತಾಡಬಹುದು. ಹಿಯರಿಂಗ್ ಮುಂದೂಡಲು ಎರಡು ಸಲ ಅವಕಾಶವಿದೆ, ಪ್ರತಿ ಸಲ 30 ದಿನ ಮೀರುವ ಹಾಗಿಲ್ಲ. ಬೇಗ ಬೇಕಾದವರು ಅದನ್ನು ಕೇಳಲೇಬೇಡಿ. ಹಿಯರಿಂಗ್ ಆದ 15 ದಿನಗಳಲ್ಲಿ ಲಿಖಿತ ವಾದ ಸಲ್ಲಿಸಬೇಕು. ಸಾಧ್ಯವಾದರೆ ಆವಿಷ್ಕಾರಕರೂ ಏಜೆಂಟರ ಪಕ್ಕದಲ್ಲಿ ಕೂತಿರಲಿ. ಯಂತ್ರದ ಬಗ್ಗೆ ಒಂದು ಪ್ರಶ್ನೆ ಬಂದರೆ ಅಲ್ಲೇ ಉತ್ತರ ಸಿಗುತ್ತದೆ.

ಅರ್ಜಿಯನ್ನು ಕನ್ನಡದಲ್ಲಿ ಬರೆಯಬಹುದಾ?

ಸದ್ಯಕ್ಕೆ ಇಲ್ಲ. ದಾಖಲೆಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು ಎಂದು ನಿಯಮ. ಆದರೆ ನಿಮ್ಮ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಏಜೆಂಟರಿಗೆ ಕನ್ನಡದಲ್ಲೇ ಧಾರಾಳವಾಗಿ ವಿವರಿಸಿ. ಗೊತ್ತಿರುವ ಅಲ್ಪ ಇಂಗ್ಲಿಷ್‌ನಲ್ಲಿ ಹೇಳಲು ಹೋಗಿ ಮುಖ್ಯ ವಿಷಯವೇ ಬಿಟ್ಟುಹೋಗುವುದು ಬೇಡ. ಕನ್ನಡ ಬಲ್ಲ ಏಜೆಂಟರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಮ್ಮದು ಸಾಫ್ಟ್‌ವೇರ್. ಬೇಗದ ದಾರಿಯಲ್ಲಿ ಹಾಕಿದರೆ ಉಪಯೋಗ ಇದೆಯಾ?

ಸೆಕ್ಷನ್ 3(ಕೆ) ಪ್ರಕಾರ ಗಣಿತದ ವಿಧಾನ, ವ್ಯಾಪಾರದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಮ್, ಆಲ್ಗರಿದಮ್ ಇವಕ್ಕೆ ಪೇಟೆಂಟ್ ಇಲ್ಲ. ಆದರೆ ಪ್ರೋಗ್ರಾಮ್‌ನಿಂದ ತಾಂತ್ರಿಕ ಪರಿಣಾಮ ಏನು ಅನ್ನುವುದು ಮುಖ್ಯ. 2019ರಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದನ್ನು ಒತ್ತಿ ಹೇಳಿತು. ಬ್ಯಾಟರಿ ಬಾಳಿಕೆ ಹೆಚ್ಚಿತಾ, ನೆಟ್‌ವರ್ಕ್ ಮೇಲಿನ ಹೊರೆ ತಗ್ಗಿತಾ, ಸೆನ್ಸರ್ ಓದುವುದು ನಿಖರವಾಯಿತಾ? ಇಂಥದ್ದು ಇದ್ದರೆ ಅದನ್ನೇ ಮುಂದಿಟ್ಟು ಬರೆಯಿರಿ. ಹೊಸ ಬಗೆಯ ಡೆಲಿವರಿ ಆ್ಯಪ್ ಅಂತ ಬರೆದರೆ, ಬೇಗದ ಸಾಲಿನಲ್ಲಿ ಹೋದದ್ದಕ್ಕೆ ತಿರಸ್ಕಾರ ಬೇಗ ಬರುತ್ತದೆ, ಅಷ್ಟೆ.

ಗಿಡಮೂಲಿಕೆ, ಸೂಕ್ಷ್ಮಜೀವಿ ಬಳಸಿದ ಆವಿಷ್ಕಾರಕ್ಕೆ ಬೇರೆ ಏನಾದರೂ ಇದೆಯಾ?

ಇದೆ, ಮತ್ತು ಇದನ್ನು ಕೊನೆಗೆ ನೆನಪಿಸಿಕೊಂಡು ಒದ್ದಾಡುವವರೇ ಜಾಸ್ತಿ. ಭಾರತದ ಜೈವಿಕ ಸಂಪನ್ಮೂಲ ಬಳಸಿದ್ದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಕೆಲಸ ಮುಗಿಯದೆ ಗ್ರಾಂಟ್ ಬರುವುದಿಲ್ಲ. 2023ರ ತಿದ್ದುಪಡಿಯ ನಂತರ ಭಾರತೀಯ ಅರ್ಜಿದಾರರು ಗ್ರಾಂಟ್‌ಗೆ ಮೊದಲು ಪ್ರಾಧಿಕಾರದಲ್ಲಿ ನೋಂದಾಯಿಸಬೇಕು, ಮಾರುಕಟ್ಟೆಗೆ ತರುವ ಮೊದಲು ಅನುಮತಿ ಪಡೆಯಬೇಕು. ವಿದೇಶಿ ಪಾಲು ಇರುವ ಕಂಪನಿಗಳಿಗೆ ಬೇರೆ ನಿಯಮ ಅನ್ವಯಿಸಬಹುದು, ಮೊದಲೇ ವಿಚಾರಿಸಿ. ಅರ್ಜಿ ಹಾಕಿದ ವಾರವೇ ಈ ಕೆಲಸ ಶುರು ಮಾಡಿ, ಎರಡೂ ಜೊತೆಜೊತೆಗೇ ನಡೆಯಲಿ.

ಮೇಳದಲ್ಲಿ ಸ್ಟಾಲ್ ಹಾಕಿ ಯಂತ್ರ ತೋರಿಸಿಬಿಟ್ಟಿದ್ದೇವೆ. ಈಗ ಅರ್ಜಿ ಹಾಕಬಹುದಾ?

ಜಿಕೆವಿಕೆ ಕೃಷಿ ಮೇಳ, ಅರಮನೆ ಮೈದಾನದ ಎಕ್ಸ್‌ಪೋ, ಯೂಟ್ಯೂಬ್ ವಿಡಿಯೊ, ಕಾಲೇಜಿನ ಪೇಪರ್ ಇವೆಲ್ಲ ಬಹಿರಂಗಪಡಿಸಿದ ಹಾಗೇ. ಸೆಕ್ಷನ್ 31ರಲ್ಲಿ 12 ತಿಂಗಳ ವಿನಾಯಿತಿ ಇದೆ, ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧದಂಥ ಕೆಲವೇ ಸಂದರ್ಭಗಳಿಗೆ. ಎಲ್ಲ ಮೇಳಕ್ಕೂ ಇದು ಸಿಗುವುದಿಲ್ಲ. ಮೇಳಕ್ಕೆ ಹೋಗುವ ಹಿಂದಿನ ದಿನವಾದರೂ ಸರಿ, ಅರ್ಜಿ ಹಾಕಿ ಹೋಗಿ. ಆಗಲೇ ತೋರಿಸಿದ್ದರೆ ಏನು ಕಾಣಿಸಿತು, ಒಳಗಿನ ಏನು ಕಾಣಿಸಲಿಲ್ಲ ಅನ್ನುವುದನ್ನು ಏಜೆಂಟರಿಗೆ ಮುಚ್ಚಿಡದೆ ಹೇಳಿ.

ಆವಿಷ್ಕಾರಕರಲ್ಲಿ ಒಬ್ಬರು ಕೆಲಸ ಬಿಟ್ಟಿದ್ದಾರೆ. ಸಹಿ ಹಾಕಲು ಸಿಗುತ್ತಿಲ್ಲ. ಏನು ಮಾಡುವುದು?

ಬೆಂಗಳೂರಿನ ಕಂಪನಿಗಳಲ್ಲಿ ಇದು ದೊಡ್ಡ ತಲೆನೋವು. ಅರ್ಜಿ ಹಾಕುವ ಹಕ್ಕಿನ ಪುರಾವೆಯನ್ನು ಫೈಲಿಂಗ್ ಆದ 6 ತಿಂಗಳೊಳಗೆ ಕೊಡಬೇಕು. ಅಷ್ಟರಲ್ಲಿ ಒಬ್ಬರು ಬೇರೆ ಕಂಪನಿ ಸೇರಿರುತ್ತಾರೆ, ಇನ್ನೊಬ್ಬರು ಜರ್ಮನಿಯಲ್ಲಿರುತ್ತಾರೆ. ಉದ್ಯೋಗ ಒಪ್ಪಂದದಲ್ಲಿ ಆವಿಷ್ಕಾರದ ಹಕ್ಕು ಕಂಪನಿಗೆ ಸೇರುತ್ತದೆ ಎಂದು ಸ್ಪಷ್ಟವಾಗಿದ್ದರೆ ಅದನ್ನು ಪುರಾವೆಯಾಗಿ ಕೊಡಲು ಪ್ರಯತ್ನಿಸಬಹುದು. ಆದರೆ ಡ್ರಾಫ್ಟ್ ಮುಗಿದ ದಿನವೇ ಎಲ್ಲರ ಸಹಿ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ನೋಟಿಸ್ ಪೀರಿಯಡ್‌ನಲ್ಲಿ ಇರುವವರ ಎಕ್ಸಿಟ್ ಪಟ್ಟಿಯಲ್ಲಿ ಲ್ಯಾಪ್‌ಟಾಪ್, ಐಡಿ ಕಾರ್ಡ್ ಜೊತೆಗೆ ಪೇಟೆಂಟ್ ಪತ್ರಗಳ ಸಹಿಯನ್ನೂ ಸೇರಿಸಲು ಎಚ್‌ಆರ್‌ಗೆ ಹೇಳಿಡಿ.

ವಿದೇಶದಲ್ಲೂ ಬೇಗ ಬೇಕು. ಮೊದಲು ಅಮೆರಿಕದಲ್ಲೇ ಹಾಕಬಹುದಾ?

ಭಾರತದಲ್ಲಿ ವಾಸವಿರುವವರು ಅನುಮತಿ ಇಲ್ಲದೆ ಮೊದಲೇ ಹೊರಗೆ ಹಾಕುವ ಹಾಗಿಲ್ಲ. ಇಲ್ಲಿ ಅರ್ಜಿ ಹಾಕಿ 6 ವಾರ ಕಾಯಬೇಕು, ಇಲ್ಲವೇ ಫಾರ್ಮ್ 25 ಹಾಕಿ ಅನುಮತಿ ಪಡೆಯಬೇಕು. ಅನುಮತಿ ಸಾಮಾನ್ಯವಾಗಿ 21 ದಿನಗಳಲ್ಲಿ ಸಿಗುತ್ತದೆ. ಇದನ್ನು ಮೀರಿದರೆ ಇಲ್ಲಿನ ಅರ್ಜಿಯೂ ಹೋಗುತ್ತದೆ, ಶಿಕ್ಷೆಯೂ ಇದೆ. ಭಾರತದ ಅರ್ಜಿಯ ದಿನಾಂಕದಿಂದ 12 ತಿಂಗಳೊಳಗೆ ಬೇರೆ ದೇಶಗಳಲ್ಲಿ ಅಥವಾ ಪಿಸಿಟಿ ಮೂಲಕ ಹಾಕಬಹುದು. ಜಪಾನ್ ಜೊತೆ ಭಾರತ 2019ರಲ್ಲಿ ಪಿಪಿಎಚ್ ಎಂಬ ವ್ಯವಸ್ಥೆ ಶುರು ಮಾಡಿತು. ಒಂದು ಕಚೇರಿ ಕ್ಲೇಮ್‌ಗಳನ್ನು ಒಪ್ಪಿದರೆ ಇನ್ನೊಂದರಲ್ಲಿ ಪರೀಕ್ಷೆ ಬೇಗ ಆಗಲು ಅದು ನೆರವಾಗುತ್ತದೆ.

‘ಮೂರು ತಿಂಗಳಲ್ಲಿ ಪೇಟೆಂಟ್ ಗ್ಯಾರಂಟಿ’ ಅನ್ನುವವರನ್ನು ನಂಬಬಹುದಾ?

ಬೇಡ. ಪ್ರಕಟಣೆಯ ನಂತರದ 6 ತಿಂಗಳ ನಿಯಮ ನಿಮಗೆ ಈಗ ಗೊತ್ತಾಗಿದೆ. ಹಾಗೆ ಹೇಳುವವರು ಎಷ್ಟೋ ಸಲ ಕೊಡಿಸುವುದು ಡಿಸೈನ್ ನೋಂದಣಿ. ಅದು 2000ದ ಡಿಸೈನ್ಸ್ ಕಾಯ್ದೆಯಡಿ ವಸ್ತುವಿನ ಹೊರನೋಟಕ್ಕೆ ಸಿಗುವ ರಕ್ಷಣೆ. ಯಂತ್ರ ಕೆಲಸ ಮಾಡುವ ಬಗೆಯನ್ನು ಅದು ಕಾಯುವುದಿಲ್ಲ. ಇನ್ನು ಕೆಲವರು ಜರ್ನಲ್‌ನಲ್ಲಿ ಪ್ರಕಟವಾದದ್ದನ್ನೇ ‘ಪೇಟೆಂಟ್ ಬಂತು’ ಎಂದು ತೋರಿಸುತ್ತಾರೆ. ಬಡ್ತಿಗಾಗಿ, ಕಾಲೇಜಿನ ರ‍್ಯಾಂಕಿಂಗ್‌ಗಾಗಿ ಆತುರದಲ್ಲಿರುವ ಪ್ರಾಧ್ಯಾಪಕರು ಇಂಥ ಕಡೆ ಹಣ ಕಳೆದುಕೊಳ್ಳುವುದು ನೋವಿನ ಸಂಗತಿ. ಏಜೆಂಟರ ನೋಂದಣಿ ಸಂಖ್ಯೆ ಕೇಳಿ. ಅರ್ಜಿ ಸಂಖ್ಯೆ ಹಾಕಿ ಐಪಿ ಇಂಡಿಯಾ ಜಾಲತಾಣದಲ್ಲಿ ಸ್ಥಿತಿಯನ್ನು ನೀವೇ ನೋಡಿ.

ಏಜೆಂಟ್ ಇಲ್ಲದೆ ನಾನೇ ಹಾಕಬಹುದಾ?

ಹಾಕಬಹುದು, ಡಿಜಿಟಲ್ ಸಹಿ ಬೇಕು. ಅಡ್ಡಿ ಫಾರ್ಮ್ ತುಂಬುವುದರಲ್ಲಿ ಇಲ್ಲ, ಕ್ಲೇಮ್ ಬರೆಯುವುದರಲ್ಲಿ ಇದೆ. ಹಣ ಕಡಿಮೆ ಇದ್ದರೆ ಇಂಥದ್ದು ಮೊದಲೇ ಇದೆಯಾ ಅನ್ನುವ ಶೋಧನೆಯನ್ನು ನೀವೇ ಮಾಡಿ, ಡ್ರಾಫ್ಟಿಂಗ್‌ಗೆ ಮಾತ್ರ ಏಜೆಂಟರನ್ನು ಹಿಡಿಯಿರಿ. ಇನ್‌ಪಾಸ್, ಗೂಗಲ್ ಪೇಟೆಂಟ್ಸ್, ಎಸ್ಪಾಸ್‌ನೆಟ್ ಮೂರೂ ಉಚಿತ. ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಲ್ಲೂ ವಿಚಾರಿಸಿ.

ಬೇಗ ಹೋಗುವುದು ಬೇಡ ಅನ್ನುವ ಸಂದರ್ಭವೂ ಇದೆಯಾ?

ಇದೆ. ಫಾರ್ಮ್ 9 ಹಾಕಿದರೆ ನಿಮ್ಮ ವಿವರವೆಲ್ಲ ತಿಂಗಳಲ್ಲಿ ಜಗತ್ತಿಗೆ ತೆರೆದುಕೊಳ್ಳುತ್ತದೆ. ಉತ್ಪನ್ನ ಇನ್ನೂ ಬದಲಾಗುತ್ತಿದ್ದು, ಮುಂದಿನ ಸುಧಾರಣೆಗೂ ಅರ್ಜಿ ಹಾಕುವ ಯೋಚನೆ ಇದ್ದರೆ, ನಿಮ್ಮದೇ ಹಳೆಯ ಪ್ರಕಟಣೆ ನಿಮಗೇ ಅಡ್ಡ ಬರಬಹುದು. ಗುಟ್ಟಾಗಿಡುವುದೇ ಲೇಸು ಅನ್ನಿಸಿದರೆ, 18 ತಿಂಗಳ ಪ್ರಕಟಣೆಗೆ ಮೂರು ತಿಂಗಳು ಮೊದಲು, ಅಂದರೆ 15ನೇ ತಿಂಗಳೊಳಗೆ ಅರ್ಜಿ ಹಿಂತೆಗೆದುಕೊಳ್ಳಬಹುದು. ಫಾರ್ಮ್ 9 ಹಾಕಿದವರಿಗೆ ಆ ಅವಕಾಶ ಇರುವುದಿಲ್ಲ.

ಗ್ರಾಂಟ್ ಬರುವ ಮೊದಲೇ ಯಾರೋ ಕಾಪಿ ಮಾಡುತ್ತಿದ್ದಾರೆ. ತಡೆಯಬಹುದಾ?

ಗ್ರಾಂಟ್ ಆಗುವವರೆಗೆ ಕೇಸ್ ಹಾಕಲು ಬರುವುದಿಲ್ಲ. ಆದರೆ ಗ್ರಾಂಟ್ ಆದ ಮೇಲೆ, ಪ್ರಕಟಣೆಯ ದಿನದಿಂದ ಆದ ಉಲ್ಲಂಘನೆಗೆ ಪರಿಹಾರ ಕೇಳಬಹುದು. ಬೇಗ ಪ್ರಕಟಿಸಿದವರಿಗೆ ಆ ದಿನವೂ ಬೇಗ ಬರುತ್ತದೆ. ಅಷ್ಟರವರೆಗೆ ನಕಲಿನ ಬಿಲ್, ಫೋಟೊ, ಕ್ಯಾಟಲಾಗ್, ಆನ್‌ಲೈನ್ ಜಾಹೀರಾತಿನ ಸ್ಕ್ರೀನ್‌ಶಾಟ್ ಎಲ್ಲವನ್ನೂ ದಿನಾಂಕ ಸಮೇತ ತೆಗೆದಿಡಿ. ಎಸ್‌ಪಿ ರೋಡ್‌ನಲ್ಲಿ ನಿಮ್ಮ ಸಾಧನದ ನಕಲು ಕಂಡರೆ ಒಂದನ್ನು ಬಿಲ್ ಸಮೇತ ಕೊಂಡು, ಸೀಲ್ ಒಡೆಯದೆ ವಕೀಲರಿಗೆ ಕೊಡಿ.